ತಾರಸಿ ಕಾಯದ ಮನೆ: ಇಂಧನ ಉಳಿತಾಯದ ನಿಯಮಕ್ಕೆ ಹೊಂದುವ ಕಾಂಕ್ರೀಟ್ ಮನೆ ಕಟ್ಟುವುದು ಹೇಗೆ?

ಏಪ್ರಿಲ್ ತಿಂಗಳಲ್ಲಿ ರಾತ್ರಿ ಒಂಬತ್ತು ಗಂಟೆಗೆ ಮೇಲಿನ ಮಹಡಿಯ ಸೀಲಿಂಗ್ ಮುಟ್ಟಿ ನೋಡಿದ್ದೀರಾ? ಬೆಂಗಳೂರಿನ ನಮ್ಮ ಮನೆಯಲ್ಲಿ ನಾನು ಸ್ಟೂಲ್ ಹತ್ತಿ ಮುಟ್ಟಿದ್ದೆ. ಹೊರಗೆ ತಣ್ಣಗೆ ಗಾಳಿ ಬೀಸುತ್ತಿತ್ತು. ಒಳಗೆ ಸ್ಲ್ಯಾಬ್ ಮಾತ್ರ, ಒಲೆಯಿಂದ ಇಳಿಸಿಟ್ಟ ದೋಸೆ ಕಲ್ಲಿನ ಹಾಗೆ, ಇನ್ನೂ ಬೆಚ್ಚಗಿತ್ತು. ಫ್ಯಾನ್ ಹಾಕಿದರೆ ಆ ಬಿಸಿಯೇ ಕೆಳಗೆ ಬರುತ್ತಿತ್ತು. ಎರಡು ಬೇಸಿಗೆ ನಾವು ಮೇಲಿನ ರೂಮು ಬಿಟ್ಟು ಕೆಳಗೆ ಹಾಲ್‌ನಲ್ಲಿ ಮಲಗಿದೆವು.

ಮೂರನೇ ವರ್ಷ ತಾರಸಿಯನ್ನು ಸರಿಮಾಡಿಸಿದೆ. ಶಾಖ ತಡೆಯುವ ಹಾಳೆ ಹಾಸುವುದು ಒಂದು ದಿನದ ಕೆಲಸ. ಆದರೆ ಅದಕ್ಕಾಗಿ ಮೆಟ್ಟಿಲ ರೂಮಿನ ಹೊಸ್ತಿಲು ಏರಿಸಬೇಕಾಯಿತು, ಬಾಗಿಲು ಕತ್ತರಿಸಬೇಕಾಯಿತು, ಮಳೆನೀರಿನ ಪೈಪಿನ ಬಾಯಿ ಎತ್ತಬೇಕಾಯಿತು, ಸೋಲಾರ್ ಹೀಟರ್ ಬಿಚ್ಚಿ ಮತ್ತೆ ಕೂರಿಸಬೇಕಾಯಿತು. ಎರಡು ವಾರ ಹಿಡಿಯಿತು. ಮುಂದೆ ನನ್ನ ತಮ್ಮ ಮನೆ ಕಟ್ಟಿಸುವಾಗ ಇದೆಲ್ಲವನ್ನೂ ನಕ್ಷೆಯಲ್ಲೇ ಬರೆಸಿದೆವು. ಹೆಚ್ಚಿನ ಕೆಲಸ ಅಂತ ಏನೂ ಅನ್ನಿಸಲಿಲ್ಲ.

ಇಂಧನ ನಿಯಮ ಅಂದ ತಕ್ಷಣ ಅದು ದೊಡ್ಡ ಬಿಲ್ಡಿಂಗ್‌ಗಳಿಗೆ ಅಂದುಕೊಳ್ಳುತ್ತೇವೆ ಅಲ್ವಾ? ನಮ್ಮ ಮಾಮೂಲಿ ಮನೆಗೆ ಅದರಲ್ಲಿ ಮುಖ್ಯವಾಗಿ ಬೇಕಾಗಿರುವುದು ಎರಡು ವಿಷಯ: ತಾರಸಿ ಮತ್ತು ಕಿಟಕಿಯ ನೆರಳು. ಇವೆರಡನ್ನೂ ಪಾಯ ತೆಗೆಯುವ ಮೊದಲೇ ತೀರ್ಮಾನ ಮಾಡಬೇಕು.

ಹಂತ 1: ನಿಮ್ಮ ಮನೆಗೆ ಯಾವ ನಿಯಮ ಅನ್ವಯಿಸುತ್ತದೆ ನೋಡಿಕೊಳ್ಳಿ

ವಾಸದ ಮನೆಗಳಿಗೆ ನಮ್ಮ ದೇಶದಲ್ಲಿ ಇರುವ ಸಂಹಿತೆಯ ಹೆಸರು ಇಕೋ ನಿವಾಸ್ ಸಂಹಿತಾ. ಕೇಂದ್ರ ಸರ್ಕಾರದ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ, ಅಂದರೆ ಬಿಇಇ, ಇದನ್ನು 2018ರಲ್ಲಿ ಹೊರತಂದಿತು. ಫ್ರಿಜ್ಜಿನ ಮೇಲೆ ಸ್ಟಾರ್ ಅಂಟಿಸುವ ವ್ಯವಸ್ಥೆ ಇದೇ ಸಂಸ್ಥೆಯದು. ಸಂಹಿತೆಯ ಮೊದಲ ಭಾಗ ಮನೆಯ ಹೊರಕವಚದ ಬಗ್ಗೆ ಹೇಳುತ್ತದೆ: ಗೋಡೆ, ತಾರಸಿ, ಕಿಟಕಿ. 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಜಾಗದಲ್ಲಿ ಕಟ್ಟುವ ವಾಸದ ಕಟ್ಟಡಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅದನ್ನು ಬರೆದಿದ್ದಾರೆ. 500 ಚದರ ಮೀಟರ್ ಅಂದರೆ ಸುಮಾರು 5,380 ಚದರ ಅಡಿ. ನಮ್ಮ 30×40 ಸೈಟು 1,200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. 50×80 ಸೈಟು ಕೂಡ ಆ ಗಡಿ ಮುಟ್ಟುವುದಿಲ್ಲ.

ರಾಜ್ಯವಾಗಲಿ, ಸ್ಥಳೀಯ ಸಂಸ್ಥೆಯಾಗಲಿ ತನ್ನ ಕಟ್ಟಡ ಬೈಲಾದಲ್ಲಿ ಸೇರಿಸಿಕೊಂಡಾಗ ಈ ಸಂಹಿತೆ ಕಡ್ಡಾಯವಾಗುತ್ತದೆ. ಗಡಿಯನ್ನು ಕೆಳಗಿಳಿಸುವ ಅಧಿಕಾರವೂ ರಾಜ್ಯಗಳಿಗೆ ಇದೆ. 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಬಂದು ವಾಸದ ಕಟ್ಟಡಗಳೂ ಆ ಕಾಯ್ದೆಯ ವ್ಯಾಪ್ತಿಗೆ ಬಂದವು. ಹಾಗಾಗಿ ನಕ್ಷೆ ಮಂಜೂರಾತಿಗೆ ಹೋಗುವಾಗ ನಿಮ್ಮ ಇಂಜಿನಿಯರ್ ಹತ್ತಿರ ಈಗ ಜಾರಿಯಲ್ಲಿರುವ ಪ್ರತಿಯನ್ನೇ ತೆರೆಸಿ ನೋಡಿ. ನಾನು ಇಲ್ಲಿ ಕೊಡುವ ಅಂಕಿಗಳು 2018ರ ಮೊದಲ ಭಾಗದವು.

ಚಿಕ್ಕ ಸೈಟಿನವರಿಗೂ ತಪ್ಪದ ನಿಯಮಗಳು ಬೇರೆ ಇವೆ. ಬೆಂಗಳೂರಿನಲ್ಲಿ 1,200 ಚದರ ಅಡಿ ಮತ್ತು ಮೇಲಿನ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ. ಸೋಲಾರ್ ವಾಟರ್ ಹೀಟರ್ ಇಲ್ಲದಿದ್ದರೆ ಕರೆಂಟ್ ಕನೆಕ್ಷನ್ ಹೊತ್ತಿಗೆ ತೊಂದರೆ ಆಗುತ್ತದೆ. ಈ ಎರಡೂ ತಾರಸಿಗೆ ಸಂಬಂಧಿಸಿದ್ದವೇ. ಆದ್ದರಿಂದ ಶಾಖ ತಡೆಯುವ ಕೆಲಸದ ಜೊತೆಗೇ ಇವನ್ನೂ ಯೋಚಿಸಬೇಕು.

ನಿಮಗೆ ಸಂಹಿತೆ ಕಡ್ಡಾಯ ಅಲ್ಲದಿದ್ದರೂ ಅದರ ಅಂಕಿಗಳನ್ನು ಗುರಿಯಾಗಿ ಇಟ್ಟುಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಮೇಸ್ತ್ರಿಗೆ "ತಂಪಾಗಿರಬೇಕು" ಎಂದರೆ ಅವರು ತಲೆ ಆಡಿಸಿ ಮರೆತುಬಿಡುತ್ತಾರೆ. ಇಂತಿಷ್ಟು ಮಿ.ಮೀ., ಇಂಥ ಹಾಳೆ ಎಂದು ಬರೆದುಕೊಟ್ಟರೆ ಕೆಲಸ ಆಗುತ್ತದೆ.

ಹಂತ 2: ನಾಲ್ಕು ಅಂಕಿ ಅರ್ಥ ಮಾಡಿಕೊಳ್ಳಿ

ಮೊದಲನೆಯದು ಯು-ವ್ಯಾಲ್ಯೂ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ಒಂದು ಚದರ ಮೀಟರ್ ಗೋಡೆ ಅಥವಾ ಸ್ಲ್ಯಾಬ್ ದಾಟಿ ಎಷ್ಟು ವ್ಯಾಟ್ ಶಾಖ ಹೋಗುತ್ತದೆ ಎಂಬ ಲೆಕ್ಕ ಇದು. ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು. ತಾರಸಿಗೆ ಇದು 1.2 ದಾಟಬಾರದು.

ಎರಡನೆಯದು ಆರ್‌ಇಟಿವಿ. ತಾರಸಿ ಬಿಟ್ಟು ಉಳಿದ ಹೊರಮೈ, ಅಂದರೆ ಗೋಡೆ ಮತ್ತು ಕಿಟಕಿ ಎಲ್ಲ ಸೇರಿ, ಚದರ ಮೀಟರಿಗೆ ಸರಾಸರಿ ಎಷ್ಟು ಶಾಖವನ್ನು ಒಳಗೆ ಬಿಡುತ್ತವೆ ಎಂಬುದು. ಚಳಿ ಪ್ರದೇಶ ಬಿಟ್ಟು ಬೇರೆ ಎಲ್ಲ ಕಡೆ ಇದು 15 ವ್ಯಾಟ್ ಮೀರಬಾರದು.

ಮೂರನೆಯದು ಗಾಳಿಯ ಲೆಕ್ಕ. ತೆರೆಯಬಹುದಾದ ಕಿಟಕಿ ಬಾಗಿಲುಗಳ ವಿಸ್ತೀರ್ಣ ಮನೆಯ ಕಾರ್ಪೆಟ್ ಏರಿಯಾದ, ಅಂದರೆ ಗೋಡೆಗಳ ಒಳಗೆ ಬಳಸಲು ಸಿಗುವ ನೆಲದ, ಇಂತಿಷ್ಟು ಪಾಲು ಇರಬೇಕು. ಬೆಂಗಳೂರಿನಂಥ ಹಿತವಾದ ಹವೆಗೆ ಶೇ 12.5. ಮಂಗಳೂರು, ಉಡುಪಿಯಂಥ ಸೆಕೆ ಊರುಗಳಿಗೆ ಶೇ 16.66.

ನಾಲ್ಕನೆಯದು ಬೆಳಕು. ಕಿಟಕಿ ಗಾಜು ತೀರಾ ಕಪ್ಪಾಗಿರಬಾರದು. ಹೊರಗೋಡೆಯಲ್ಲಿ ಗಾಜು ಶೇ 30ರ ಒಳಗಿದ್ದರೆ, ಬೆಳಕಿನಲ್ಲಿ ಕನಿಷ್ಠ ಶೇ 27 ಭಾಗ ಗಾಜಿನ ಮೂಲಕ ಒಳಗೆ ಬರಬೇಕು. ಮಾಮೂಲಿ ಪಾರದರ್ಶಕ ಗಾಜು ಹಾಕಿದವರು ಇದರ ಬಗ್ಗೆ ಚಿಂತೆ ಮಾಡಬೇಕಿಲ್ಲ.

ಹಂತ 3: ಸೈಟಿನ ಬಿಸಿಲು ನೋಡಿ, ಆಮೇಲೆ ನಕ್ಷೆ ಹಾಕಿಸಿ

ನಕ್ಷೆಗೆ ಮೊದಲು ಒಂದು ಭಾನುವಾರ ಸೈಟಿಗೆ ಹೋಗಿ. ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, ಸಂಜೆ 4ಕ್ಕೆ ನೆರಳು ಎಲ್ಲಿ ಬೀಳುತ್ತದೆ ಎಂದು ಫೋಟೊ ತೆಗೆಯಿರಿ. ಪಕ್ಕದ ಮನೆ ಎಷ್ಟು ಎತ್ತರ ಇದೆ, ರಸ್ತೆ ಯಾವ ದಿಕ್ಕಿಗೆ, ಮರ ಎಲ್ಲಿದೆ, ಎಲ್ಲ ಬರೆದುಕೊಳ್ಳಿ. 30×40 ಬಡಾವಣೆಗಳಲ್ಲಿ ಪಕ್ಕದ ಎರಡು ಗೋಡೆಗೆ ಬಿಸಿಲೇ ಬೀಳದಿರಬಹುದು. ನೆರೆಮನೆ ಮೂರ್ನಾಲ್ಕು ಅಡಿ ಆಚೆಗೇ ನಿಂತಿರುತ್ತದೆ. ಬಿಸಿಲಿನ ಹೊಡೆತ ಬೀಳುವುದು ಮುಂದಿನ ಗೋಡೆ, ಹಿಂದಿನ ಗೋಡೆ ಮತ್ತು ತಾರಸಿಗೆ. ದುಡ್ಡನ್ನೂ ಅಲ್ಲೇ ಹಾಕಿ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಅಷ್ಟೂ ಬಿಸಿಲು ತಾರಸಿಗೆ. ನಮ್ಮ ಕಡೆ ತಾರಸಿಯೇ ಮುಖ್ಯ ಎಂದು ನಾನು ಹೇಳುವುದು ಅದಕ್ಕೇ.

ಗೋಡೆಗಳಲ್ಲಿ ಪೂರ್ವ, ಪಶ್ಚಿಮ ಎರಡೂ ಕೆಟ್ಟವು. ಸಂಹಿತೆಯ ಲೆಕ್ಕದಲ್ಲಿ ನಮ್ಮ ಅಕ್ಷಾಂಶಕ್ಕೆ ಈ ಎರಡು ದಿಕ್ಕಿನ ಗೋಡೆಗಳನ್ನು ಸುಮಾರು 1.15ರಿಂದ ಗುಣಿಸುತ್ತಾರೆ, ಉತ್ತರದ ಗೋಡೆಯನ್ನು 0.66ರಿಂದ. ಒಂದೇ ಅಳತೆಯ ಕಿಟಕಿ ಪಶ್ಚಿಮಕ್ಕಿದ್ದರೆ ಉತ್ತರಕ್ಕಿಂತ ಮುಕ್ಕಾಲು ಪಾಲು ಜಾಸ್ತಿ ಶಾಖ ತರುತ್ತದೆ. ಬಾತ್‌ರೂಮು, ಮೆಟ್ಟಿಲು, ಸ್ಟೋರು, ವಾರ್ಡ್‌ರೋಬ್ ಇವನ್ನು ಪಶ್ಚಿಮಕ್ಕೆ ತಳ್ಳಿ. ಮಲಗುವ ರೂಮಿನ ದೊಡ್ಡ ಕಿಟಕಿ ಉತ್ತರಕ್ಕೋ ದಕ್ಷಿಣಕ್ಕೋ ಬರಲಿ. ವಾಸ್ತು ನೋಡುವವರು ಮಾಸ್ಟರ್ ಬೆಡ್‌ರೂಮನ್ನು ನೈಋತ್ಯಕ್ಕೇ ಇಡುತ್ತಾರೆ. ಇಡಿ, ತೊಂದರೆ ಇಲ್ಲ. ಕಿಟಕಿಯನ್ನು ದಕ್ಷಿಣದ ಗೋಡೆಗೆ ಕೊಟ್ಟು, ಪಶ್ಚಿಮದ ಗೋಡೆಗೆ ವಾರ್ಡ್‌ರೋಬ್ ನಿಲ್ಲಿಸಿದರೆ ಎರಡೂ ನಡೆಯುತ್ತದೆ. ತಮ್ಮನ ಮನೆಯಲ್ಲಿ ನಾವು ಮಾಡಿದ್ದೂ ಹಾಗೇ.

ಮುಂದೆ ಒಂದು ಹೊಂಗೆ ಗಿಡಕ್ಕೆ ಜಾಗ ಬಿಡಿ. ಪಾಯದಿಂದ ಸಾಕಷ್ಟು ದೂರ ಇರಲಿ.

ಹಂತ 4: ಗೋಡೆ ಮತ್ತು ಕಿಟಕಿ, ಒಟ್ಟಿಗೆ ಲೆಕ್ಕ ಹಾಕಿ

ಗೋಡೆಗಳ ಯು-ವ್ಯಾಲ್ಯೂ ಎರಡೂ ಕಡೆ ಪ್ಲಾಸ್ಟರ್ ಸೇರಿಸಿ ಹೆಚ್ಚು ಕಡಿಮೆ ಹೀಗೆ ಬರುತ್ತದೆ:

- 6 ಇಂಚಿನ ಸಾಲಿಡ್ ಕಾಂಕ್ರೀಟ್ ಬ್ಲಾಕ್: 3.1
- 8 ಇಂಚಿನ ಸಾಲಿಡ್ ಬ್ಲಾಕ್: 2.8
- 9 ಇಂಚಿನ ಸುಟ್ಟ ಇಟ್ಟಿಗೆ: 2ರ ಆಸುಪಾಸು
- 8 ಇಂಚಿನ ಎಎಸಿ ಬ್ಲಾಕ್ (ಒಳಗೆ ಗಾಳಿ ಗುಳ್ಳೆ ತುಂಬಿದ ಹಗುರ ಬ್ಲಾಕ್): 0.8
- 6 ಇಂಚಿನ ಆರ್‌ಸಿಸಿ ಗೋಡೆ, ಅಪಾರ್ಟ್‌ಮೆಂಟ್‌ಗಳಲ್ಲಿ ಮೈವಾನ್ ಅನ್ನುತ್ತಾರಲ್ಲ ಅದು: 3.5ಕ್ಕೂ ಜಾಸ್ತಿ

ಈಗ ಬೆಂಗಳೂರಿನ ಒಂದು ಮನೆಯ ಲೆಕ್ಕ ಮಾಡೋಣ. ಹೊರಮೈಯಲ್ಲಿ ಶೇ 85 ಗೋಡೆ, ಶೇ 15 ಗಾಜು ಎಂದುಕೊಳ್ಳಿ. ಗೋಡೆ 8 ಇಂಚಿನ ಸಾಲಿಡ್ ಬ್ಲಾಕ್, ಗಾಜು ಒಂದೇ ಪದರದ ಮಾಮೂಲಿ ಗಾಜು, ಅದರ ಯು-ವ್ಯಾಲ್ಯೂ 5.8. ದಿಕ್ಕಿನ ಗುಣಕವನ್ನು ಸದ್ಯಕ್ಕೆ 1 ಎಂದು ಹಿಡಿಯೋಣ. ಬೆಂಗಳೂರಿನ ಹವೆಗೆ ಸಂಹಿತೆ ಕೊಟ್ಟಿರುವ ಮೂರು ಗುಣಕಗಳು 3.38, 0.37 ಮತ್ತು 63.69.

ಗೋಡೆಯಿಂದ ಬರುವುದು: 3.38 × 0.85 × 2.8 = 8.0
ಗಾಜಿನ ಮೈಯಿಂದ: 0.37 × 0.15 × 5.8 = 0.3
ಗಾಜಿನ ಮೂಲಕ ಬರುವ ಬಿಸಿಲಿನಿಂದ: 63.69 × 0.15 × 0.8 = 7.6

ಒಟ್ಟು 15.9. ಅಂದರೆ ಮನೆ ಫೇಲ್. ಕೊನೆಯ ಸಾಲಿನ 0.8 ಅಂದರೆ ಗಾಜಿನ ಮೇಲೆ ಬೀಳುವ ಬಿಸಿಲಿನ ಶಾಖದಲ್ಲಿ ಶೇ 80ರಷ್ಟು ಒಳಗೆ ಬರುತ್ತದೆ ಎಂದರ್ಥ. ಇದನ್ನು ಎಸ್‌ಎಚ್‌ಜಿಸಿ ಅನ್ನುತ್ತಾರೆ. ಈಗ ಅದೇ ಕಿಟಕಿಗೆ ಒಳ್ಳೆ ಸಜ್ಜಾ ಹಾಕಿ. ನೆರಳಿನಿಂದ ಈ 0.8 ಎನ್ನುವುದು 0.55ರ ಹತ್ತಿರ ಬಂದರೆ ಕೊನೆಯ ಸಾಲು 5.3 ಆಗುತ್ತದೆ. ಒಟ್ಟು 13.6. ಮನೆ ಪಾಸ್. ಬ್ಲಾಕ್ ಬದಲಾಯಿಸಲಿಲ್ಲ, ದುಬಾರಿ ಗಾಜು ತರಲಿಲ್ಲ. ಬರೀ ಎರಡು ಅಡಿ ಕಾಂಕ್ರೀಟ್ ಹೊರಚಾಚಿತು, ಅಷ್ಟೇ.

ಈಗೀಗ ಮನೆ ಮುಂಭಾಗ ಸಪಾಟಾಗಿ ಕಾಣಬೇಕು ಅಂತ ಸಜ್ಜಾ ತೆಗೆಸಿಬಿಡುತ್ತಾರೆ. ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಡಿಸೈನ್ ಬೇಕಾದರೆ ಸಜ್ಜಾವನ್ನೇ ಬಾಕ್ಸ್ ಆಕಾರ ಮಾಡಿಸಿ, ಪಕ್ಕಕ್ಕೂ ರೆಕ್ಕೆ ಕೊಡಿಸಿ. ಬಿಸಿಲಿನ ಜೊತೆ ಇರಚಲು ಮಳೆಯೂ ನಿಲ್ಲುತ್ತದೆ. ಮಳೆ ಬರುವಾಗಲೂ ಕಿಟಕಿ ತೆರೆದಿಡಬಹುದು.

ಸಜ್ಜಾ ಎಷ್ಟು ಉದ್ದ ಇರಬೇಕು? ದಕ್ಷಿಣಕ್ಕೆ ಎರಡು ಅಡಿ ಸಾಕು. ಡಿಸೆಂಬರ್ ಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ 53 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಆಗ ಎರಡು ಅಡಿ ಸಜ್ಜಾ ಎರಡೂವರೆ ಅಡಿಗೂ ಹೆಚ್ಚು ನೆರಳು ಕೊಡುತ್ತದೆ. ಪೂರ್ವ ಪಶ್ಚಿಮದಲ್ಲಿ ಬಿಸಿಲು ಓರೆಯಾಗಿ ಸಜ್ಜಾದ ಕೆಳಗಿನಿಂದ ನುಗ್ಗುತ್ತದೆ. ಅಲ್ಲಿ ಕಿಟಕಿ ಚಿಕ್ಕದು ಮಾಡಿ, ಹೊರಗಡೆ ಜಾಲಿ ಅಥವಾ ಬಿದಿರಿನ ಪರದೆ ಕಟ್ಟಿ. ಒಳಗೆ ಹಾಕುವ ಕರ್ಟನ್ ಇಷ್ಟು ಕೆಲಸ ಮಾಡುವುದಿಲ್ಲ. ಗಾಜು ದಾಟಿ ಒಳಗೆ ಬಂದ ಶಾಖ ಒಳಗೇ ಉಳಿಯುತ್ತದೆ.

ಕರಾವಳಿಯವರಿಗೆ ಒಂದು ಮಾತು. ನಿಮ್ಮ ಗುಣಕಗಳು ಬೇರೆ: 5.15, 1.31 ಮತ್ತು 65.21. ಅದೇ ಮನೆಯನ್ನು ಸಜ್ಜಾ ಸಮೇತ ಮಂಗಳೂರಿನಲ್ಲಿ ಕಟ್ಟಿದರೆ ಗೋಡೆಯೊಂದರಿಂದಲೇ 12.3 ಬರುತ್ತದೆ. ಒಟ್ಟು 18.8. ಅಲ್ಲಿ ನೆರಳು ಮಾತ್ರ ಸಾಲದು, ಗೋಡೆಯನ್ನೂ ಬದಲಾಯಿಸಬೇಕು. 8 ಇಂಚಿನ ಎಎಸಿ ಹಾಕಿದರೆ ಒಟ್ಟು 10ಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಚೆನ್ನಾಗಿ ನಡೆದ ನಕ್ಷೆಯನ್ನು ಹಾಗೇ ಊರಿಗೆ ಒಯ್ದು ಕಟ್ಟಿಸಬೇಡಿ.

ಎಎಸಿ ಬ್ಲಾಕ್ ಬಗ್ಗೆ ಮೇಸ್ತ್ರಿಗಳಿಗೆ ಅಷ್ಟೇನೂ ಪ್ರೀತಿ ಇಲ್ಲ. "ಬಿರುಕು ಬಿಡುತ್ತೆ ಸಾರ್" ಅನ್ನುತ್ತಾರೆ. ಸಾಲಿಡ್ ಬ್ಲಾಕ್ ಕಟ್ಟುವ ಹಾಗೇ ಇದನ್ನೂ ಕಟ್ಟಿದರೆ ಬಿರುಕು ಬಿಡುವುದು ನಿಜ. ದಪ್ಪ ಗಾರೆ ಬೇಡ, ಇದಕ್ಕೇ ಬರುವ ಅಂಟಿನಲ್ಲಿ ಸುಮಾರು 3 ಮಿ.ಮೀ. ಸಂದು ಸಾಕು. ಬ್ಲಾಕನ್ನು ನೀರಿನಲ್ಲಿ ಮುಳುಗಿಸಬಾರದು, ಮೇಲ್ಮೈ ಒದ್ದೆ ಮಾಡಿದರೆ ಆಯಿತು. ಪಿಲ್ಲರ್ ಮತ್ತು ಗೋಡೆ ಸೇರುವ ಕಡೆ, ಬೀಮ್ ಕೆಳಗೆ, ಪ್ಲಾಸ್ಟರಿಂಗ್‌ಗೆ ಮೊದಲು ಜಾಲರಿ ಬಡಿಯಲೇಬೇಕು. ಕಿಟಕಿಯ ಮೂಲೆಗಳಿಗೂ ಬಡಿಯಿರಿ. ನೆಲದ ಒದ್ದೆ ತಾಗುವ ಪ್ಲಿಂತ್ ಕೆಳಗೆ ಇದನ್ನು ಬಳಸಬೇಡಿ. ಟಿವಿ, ಗೀಸರ್ ನೇತುಹಾಕುವ ಜಾಗ ಮೊದಲೇ ಗುರುತಿಸಿ, ಅಲ್ಲಿ ಎರಡು ಸಾಲು ಸಾಲಿಡ್ ಬ್ಲಾಕ್ ಕಟ್ಟಿಸಿ. ಈ ಬ್ಲಾಕು ಪಿಲ್ಲರ್ ಬೀಮಿನ ಮನೆಗೆ ಸರಿ. ಭಾರ ಹೊರುವ ಗೋಡೆಗೆ ಇಂಜಿನಿಯರ್ ಒಪ್ಪಿಗೆ ಇಲ್ಲದೆ ಹಾಕಬೇಡಿ.

ಎಲ್ಲ ಗೋಡೆಗೂ ಎಎಸಿ ಕೊಡಲು ಆಗದಿದ್ದರೆ ಪಶ್ಚಿಮದ ಗೋಡೆಗಾದರೂ ಕೊಡಿ.

ಹಂತ 5: ಗಾಳಿಯ ಲೆಕ್ಕ

ಕಾರ್ಪೆಟ್ ಏರಿಯಾ 800 ಚದರ ಅಡಿ ಇದ್ದರೆ ಬೆಂಗಳೂರಿನಲ್ಲಿ 100 ಚದರ ಅಡಿ ತೆರೆಯುವ ಜಾಗ ಬೇಕು. ಇಲ್ಲಿ ತುಂಬಾ ಜನ ಎಡವುವುದು ಸ್ಲೈಡಿಂಗ್ ಕಿಟಕಿಯಲ್ಲಿ. 4×4 ಅಡಿಯ ಎರಡು ಬಾಗಿಲಿನ ಸ್ಲೈಡಿಂಗ್ ಕಿಟಕಿ ನೋಡುವುದಕ್ಕೆ 16 ಚದರ ಅಡಿ. ತೆರೆದರೆ ಅರ್ಧ ಮಾತ್ರ, 8 ಚದರ ಅಡಿ. ಸಂಹಿತೆಯೂ ಅರ್ಧವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೂರು ಬಾಗಿಲಿನದಾದರೆ ಮೂರನೇ ಎರಡು ಭಾಗ. ಹೊರಕ್ಕೆ ತೆರೆಯುವ ಹಳೆ ಕಾಲದ ರೆಕ್ಕೆ ಕಿಟಕಿಗೆ ಶೇ 90. ಅಂದರೆ 100 ಚದರ ಅಡಿಗೆ ಸ್ಲೈಡಿಂಗ್ ಆದರೆ 13 ಕಿಟಕಿ, ರೆಕ್ಕೆ ಕಿಟಕಿ ಆದರೆ 7 ಸಾಕು. ಬಾಲ್ಕನಿಗೆ ತೆರೆಯುವ ಬಾಗಿಲೂ ಲೆಕ್ಕಕ್ಕೆ ಬರುತ್ತದೆ.

ಸೊಳ್ಳೆ ಜಾಲರಿಯನ್ನು ಕಿಟಕಿಯ ಜೊತೆಗೇ ಮಾಡಿಸಿ. ಜಾಲರಿ ಇಲ್ಲದ ಕಿಟಕಿಯನ್ನು ಸಂಜೆ ಆರಕ್ಕೆ ಮುಚ್ಚುತ್ತೇವೆ. ಹೊರಗೆ ತಂಪಾಗಿ, ಒಳಗಿನ ಬಿಸಿ ಹೊರಹೋಗಬೇಕಾದ ಹೊತ್ತೇ ಅದು. ಒಂದು ರೂಮಿಗೆ ಎದುರುಬದುರು ಗೋಡೆಯಲ್ಲಿ ಕಿಟಕಿ ಸಿಗದಿದ್ದರೆ ಬಾಗಿಲ ಮೇಲೆ ವೆಂಟಿಲೇಟರ್ ಕೊಡಿ. ಮೆಟ್ಟಿಲ ರೂಮಿನ ಮೇಲ್ಭಾಗದಲ್ಲಿ ತೆರೆಯುವ ಕಿಟಕಿ ಇಟ್ಟರೆ ಮನೆಯ ಬಿಸಿ ಗಾಳಿ ಅಲ್ಲಿಂದ ಏರಿ ಹೊರಗೆ ಹೋಗುತ್ತದೆ.

ಹಂತ 6: ತಾರಸಿ

ಇದಕ್ಕೆ ಸ್ವಲ್ಪ ಸಮಯ ಕೊಟ್ಟು ಓದಿ.

5 ಇಂಚಿನ, ಅಂದರೆ 125 ಮಿ.ಮೀ. ಸ್ಲ್ಯಾಬು ಶಾಖವನ್ನು ಎಷ್ಟು ತಡೆಯುತ್ತದೆ? ಕಾಂಕ್ರೀಟಿನ ತಡೆ 0.079. ಕೆಳಗಿನ ಪ್ಲಾಸ್ಟರ್ 0.017. ಮೇಲೆ ಕೆಳಗೆ ಅಂಟಿಕೊಂಡಿರುವ ಗಾಳಿಯ ತೆಳು ಪದರಗಳು 0.21. ಒಟ್ಟು 0.306. 1ನ್ನು ಇದರಿಂದ ಭಾಗಿಸಿದರೆ ಯು-ವ್ಯಾಲ್ಯೂ ಬರುತ್ತದೆ: ಸುಮಾರು 3.3. ನಮಗೆ ಬೇಕಾದದ್ದು 1.2. ಗಾಳಿಯ ಪದರ ತಡೆಯುವಷ್ಟು ಶಾಖವನ್ನೂ ಐದು ಇಂಚು ಕಾಂಕ್ರೀಟ್ ತಡೆಯುವುದಿಲ್ಲ ನೋಡಿ! ಸ್ಲ್ಯಾಬನ್ನು ದಪ್ಪ ಮಾಡಿದರೆ ತಂಪಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ದಪ್ಪ ಸ್ಲ್ಯಾಬ್ ಹಗಲೆಲ್ಲ ಇನ್ನೂ ಜಾಸ್ತಿ ಶಾಖ ಹೀರಿ ರಾತ್ರಿ ವಾಪಸ್ ಕೊಡುತ್ತದೆ.

ಇಟ್ಟಿಗೆ ಚೂರು ಹಾಕಿ ಮಾಡುವ ಸುರ್ಕಿ ಪದರ 4 ಇಂಚು ಹಾಕಿದರೂ 2.3ರ ಹತ್ತಿರ ನಿಲ್ಲುತ್ತದೆ. ಭಾರ ಬೇರೆ. ಮಂಗಳೂರು ಹೆಂಚು ಹುದುಗಿಸಿದ ಫಿಲ್ಲರ್ ಸ್ಲ್ಯಾಬ್ ಕಾಂಕ್ರೀಟ್ ಉಳಿಸುತ್ತದೆ, ನೋಡಲೂ ಚೆಂದ. ಆದರೆ ಅದೊಂದರಿಂದಲೇ 1.2ಕ್ಕೆ ಬರುವುದಿಲ್ಲ. ಬಿಳಿ ಕೂಲ್ ಪೇಂಟ್ ಬಿಸಿಲನ್ನು ವಾಪಸ್ ಕಳಿಸುತ್ತದೆ, ಖಂಡಿತ ಉಪಯೋಗ ಇದೆ. ಆದರೆ ಯು-ವ್ಯಾಲ್ಯೂ ಅದರಿಂದ ಬದಲಾಗದು, ಧೂಳು ಕೂತಂತೆ ಅದರ ಗುಣವೂ ಇಳಿಯುತ್ತದೆ.

ನಾನು ಹೇಳುವುದು ಎಕ್ಸ್‌ಪಿಎಸ್ ಹಾಳೆ. ಗಟ್ಟಿ ಫೋಮ್ ಬೋರ್ಡ್ ಇದು. 25 ಮಿ.ಮೀ. ಹಾಳೆಯ ತಡೆ ಸುಮಾರು 0.83. ಸ್ಲ್ಯಾಬಿನ 0.306ಕ್ಕೆ ಇದನ್ನು ಸೇರಿಸಿದರೆ ಯು-ವ್ಯಾಲ್ಯೂ 0.88ಕ್ಕೆ ಬರುತ್ತದೆ. ನಿಯಮ ಮುಗಿಯಿತು. 50 ಮಿ.ಮೀ. ಹಾಕಿದರೆ 0.51. ಮೇಲೆ ಇನ್ನೊಂದು ಮಹಡಿ ಸದ್ಯಕ್ಕೆ ಬರುವುದಿಲ್ಲ ಎಂದಾದರೆ 50 ಹಾಕಿ. ಪ್ಯಾಕಿಂಗ್‌ಗೆ ಬರುವ ಬಿಳಿ ಥರ್ಮೋಕೋಲ್ ಬೇಡ, ಅದು ನೀರು ಹಿಡಿಯುತ್ತದೆ ಮತ್ತು ಭಾರಕ್ಕೆ ಕುಸಿಯುತ್ತದೆ.

ಹಾಳೆ ಸ್ಲ್ಯಾಬಿನ ಮೇಲೆ ಇರಬೇಕು, ಕೆಳಗಲ್ಲ. ಫಾಲ್ಸ್ ಸೀಲಿಂಗ್ ಒಳಗೆ ಹಾಕಿದರೆ ಸ್ಲ್ಯಾಬ್ ಹಾಗೇ ಕಾಯುತ್ತದೆ, ಹಿಗ್ಗಿ ಕುಗ್ಗಿ ವರ್ಷಗಳಲ್ಲಿ ಬಿರುಕು ಬಿಟ್ಟು ಸೋರುತ್ತದೆ. ಮೇಲೆ ಹಾಕಿದರೆ ಸ್ಲ್ಯಾಬಿಗೂ ವಾಟರ್‌ಪ್ರೂಫಿಂಗ್‌ಗೂ ಬಿಸಿಲೇ ತಗಲದು. ಕೆಲಸದ ಕ್ರಮ ಹೀಗೆ:

ಮೊದಲು ಸ್ಲ್ಯಾಬ್ ಮೇಲ್ಮೈ ಗುಡಿಸಿ ತೊಳೆದು, ಪ್ಯಾರಾಪೆಟ್ ಸೇರುವ ಮೂಲೆಗಳನ್ನು ಗಾರೆಯಿಂದ ಗುಂಡಗೆ ಮಾಡಿ. ಅದರ ಮೇಲೆ ವಾಟರ್‌ಪ್ರೂಫಿಂಗ್, ಪ್ಯಾರಾಪೆಟ್ ಮೇಲೂ ಒಂದು ಅಡಿ ಹತ್ತಲಿ. ಆಮೇಲೆ ಪೈಪಿನ ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ. ಕೆಳಗಿನಿಂದ ಟಾರ್ಚ್ ಹಾಕಿ ಒಂದೊಂದು ಮೂಲೆಯನ್ನೂ ನೋಡಿ. ಈ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ, ಹಾಳೆ ಮುಚ್ಚಿದ ಮೇಲೆ ಸೋರಿಕೆ ಹುಡುಕುವುದು ಬಹಳ ಕಷ್ಟ. ಒಣಗಿದ ಮೇಲೆ ಎಕ್ಸ್‌ಪಿಎಸ್ ಹಾಳೆಗಳನ್ನು ಸಂದು ಬಿಡದೆ, ಇಟ್ಟಿಗೆ ಕಟ್ಟುವಂತೆ ಜೋಡು ತಪ್ಪಿಸಿ ಹಾಸಿ. ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಅದರ ಮೇಲೆ ತೆಳು ಜಾಲರಿ ಇಟ್ಟು ಎರಡರಿಂದ ಮೂರು ಇಂಚು ಕಾಂಕ್ರೀಟ್ ಸ್ಕ್ರೀಡ್, ನೂರು ಅಡಿಗೆ ಒಂದು ಅಡಿ ಲೆಕ್ಕದಲ್ಲಿ ಇಳಿಜಾರು ಪೈಪಿನ ಕಡೆಗೆ. ಕೊನೆಗೆ ಬಿಳಿ ಟೈಲ್ಸ್ ಅಥವಾ ಬಿಳಿ ಪೇಂಟ್.

ಎಲ್ಲ ಸೇರಿ ತಾರಸಿ ನಾಲ್ಕೈದು ಇಂಚು ಏರುತ್ತದೆ. ಆದ್ದರಿಂದ ಮೆಟ್ಟಿಲ ರೂಮಿನ ಹೊಸ್ತಿಲು ಸ್ಲ್ಯಾಬಿನಿಂದ ಎಂಟು ಇಂಚು ಮೇಲಿರಲಿ, ಪ್ಯಾರಾಪೆಟ್ಟನ್ನೂ ಅಷ್ಟು ಎತ್ತರಿಸಿ. ಈ ಭಾರವನ್ನು ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಮೊದಲೇ ಹೇಳಿ. ನಾನು ಹಳೆ ಮನೆಯಲ್ಲಿ ಒಡೆಸಿ ಕಟ್ಟಿಸಿದ್ದು ಇದನ್ನೇ.

ಹಂತ 7: ಮೋಲ್ಡ್ ಹಾಕುವ ದಿನ

ಶಾಖ ತಡೆಯುವ ಲೆಕ್ಕ ಎಷ್ಟೇ ಚೆನ್ನಾಗಿದ್ದರೂ ಕಾಂಕ್ರೀಟ್ ಕೆಟ್ಟರೆ ಸೋರುತ್ತದೆ. ಒದ್ದೆಯಾದ ಮನೆಯಲ್ಲಿ ತಂಪು ಉಳಿಯುವುದಿಲ್ಲ, ಬೂಷ್ಟು ಬರುತ್ತದೆ.

ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಆರ್‌ಸಿಸಿಗೆ ಕನಿಷ್ಠ ಎಂ20 ದರ್ಜೆಯ ಕಾಂಕ್ರೀಟ್ ಬೇಕು. ಸೈಟಿನಲ್ಲಿ ಮಿಕ್ಸರ್ ಹಾಕಿ ಮಾಡುವಾಗ ಬಿಗಡಾಯಿಸುವುದು ನೀರಿನಲ್ಲಿ. 50 ಕೆಜಿ ಚೀಲಕ್ಕೆ 25 ಲೀಟರ್ ಆಸುಪಾಸು ಸಾಕು, ಎಂ ಸ್ಯಾಂಡ್ ಒದ್ದೆ ಇದ್ದರೆ ಇನ್ನೂ ಕಡಿಮೆ. ಕೆಲಸದವರು ಸುಲಭವಾಗಿ ಹರಿಯಲಿ ಅಂತ ಪೈಪು ಬಿಡುತ್ತಾರೆ. ಪಕ್ಕದಲ್ಲೇ ನಿಂತು ಅಳತೆ ಬಕೆಟ್ಟಿನಲ್ಲೇ ಹಾಕಿಸಿ. ಮೆತ್ತಗೆ ಬೇಕಾದರೆ ಪ್ಲಾಸ್ಟಿಸೈಸರ್ ತರಿಸಿ. ಸ್ಲ್ಯಾಬಿನ ಕಂಬಿ ಕೆಳಗೆ 20 ಮಿ.ಮೀ. ಕವರ್ ಬ್ಲಾಕ್ ಇರಲೇಬೇಕು. ಜೆಲ್ಲಿ ಕಲ್ಲು ಇಟ್ಟು ಸುಮ್ನೆ ಕೆಲಸ ಸಾಗಿಸಲು ಬಿಡಬೇಡಿ.

ಮೋಲ್ಡ್ ಹಾಕುವ ಮೊದಲು ಪಟ್ಟಿ ಹಿಡಿದು ತಾರಸಿ ಹತ್ತಿ: ಮಳೆನೀರಿನ 4 ಇಂಚಿನ ಪೈಪುಗಳು, ಸೋಲಾರ್ ಬಿಸಿನೀರು ಇಳಿಯುವ ಸ್ಲೀವ್, ಸೋಲಾರ್ ಪ್ಯಾನೆಲ್ ಕೇಬಲ್ಲಿಗೆ ಪೈಪು, ಪ್ಯಾನೆಲ್ ನಿಲ್ಲಿಸುವ ಪೆಡೆಸ್ಟಲ್‌ಗೆ ಕಂಬಿ, ಸಜ್ಜಾ ಕಂಬಿ ಮೇಲ್ಭಾಗದಲ್ಲಿ ಇದೆಯೇ ಎಂಬುದು. ಸಜ್ಜಾಕ್ಕೆ ಕಂಬಿ ಕೆಳಗೆ ಹೋದರೆ ಅದು ಮುರಿದು ಬೀಳುತ್ತದೆ. ನಂತರ ಡ್ರಿಲ್ ಮಾಡಿದ ಪ್ರತಿ ತೂತೂ ಒಂದು ಸೋರಿಕೆಯೇ.

ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್ ಆದರೆ ಕನಿಷ್ಠ 10 ದಿನ ಕ್ಯೂರಿಂಗ್. ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಸೆಂಟ್ರಿಂಗ್ ಬಿಚ್ಚಲು ಅವಸರ ಬೇಡ, ಇಂಜಿನಿಯರ್ ಹೇಳಿದ ದಿನಕ್ಕೇ ಬಿಚ್ಚಿಸಿ.

ಹಂತ 8: ಸೋಲಾರ್, ಫ್ಯಾನು, ಲೈಟು

ಇದು ಸುಲಭದ ಭಾಗ. ವಾಟರ್ ಹೀಟರ್ ದಕ್ಷಿಣಕ್ಕೆ ಮುಖ ಮಾಡಲಿ. ತಣ್ಣೀರಿನ ಟ್ಯಾಂಕಿನ ತಳ ಹೀಟರ್ ಟ್ಯಾಂಕಿಗಿಂತ ಮೇಲಿರಬೇಕು, ಇಲ್ಲದಿದ್ದರೆ ನೀರು ತುಂಬದು. ಬಾತ್‌ರೂಮುಗಳು ಒಂದರ ಮೇಲೊಂದು ಬರುವಂತೆ ನಕ್ಷೆ ಮಾಡಿದರೆ ಬಿಸಿನೀರಿನ ಪೈಪು ಚಿಕ್ಕದಾಗುತ್ತದೆ, ಬೆಳಿಗ್ಗೆ ಒಂದು ಬಕೆಟ್ ತಣ್ಣೀರು ಚೆಲ್ಲುವುದು ತಪ್ಪುತ್ತದೆ. ಪೈಪಿಗೆ ಫೋಮ್ ಸುತ್ತಿಸಿ.

ಪ್ಯಾನೆಲ್ ಹಾಕುವವರಿಗೆ ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ತಾರಸಿ ಬೇಕು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ ಇಟ್ಟಿದ್ದಾರೆ. ಮಲಗುವ ರೂಮಿನ ಮೇಲೆ ಪ್ಯಾನೆಲ್ ಬರುವಂತೆ ನೋಡಿಕೊಂಡರೆ ಅದರ ನೆರಳೂ ಉಪಯೋಗಕ್ಕೆ ಬರುತ್ತದೆ. ಹಳೆ ಫ್ಯಾನು 70-75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನಿಗೆ 28-35 ಸಾಕು.

ಹಂತ 9: ಕಾಗದ ಮತ್ತು ಫೋಟೊ

ಕೆಲಸ ಮುಗಿದ ಮೇಲೆ ಸ್ಕ್ರೀಡ್ ಕೆಳಗೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ಎಕ್ಸ್‌ಪಿಎಸ್ ಹಾಸಿದ ಕೂಡಲೇ ಟೇಪು ಇಟ್ಟು, ದಪ್ಪ ಕಾಣುವಂತೆ ಫೋಟೊ ತೆಗೆಯಿರಿ. ಬ್ಲಾಕಿನ ಟೆಸ್ಟ್ ರಿಪೋರ್ಟ್, ಗಾಜಿನ ಮೇಲಿನ ಸ್ಟಿಕ್ಕರ್, ಹಾಳೆಯ ಬಿಲ್ಲು, ಕಿಟಕಿಗಳ ಅಳತೆ ಪಟ್ಟಿ ಎಲ್ಲ ಒಂದೇ ಫೈಲಿನಲ್ಲಿ ಇರಲಿ. ಸಂಹಿತೆ ಕಡ್ಡಾಯ ಇರುವವರಿಗೆ ಅನುಮತಿಗೆ ಇದು ಬೇಕು. ಉಳಿದವರಿಗೂ ಮುಂದೆ ಮಹಡಿ ಏರಿಸುವಾಗ, ಎಲ್ಲಿ ಡ್ರಿಲ್ ಮಾಡಬಾರದು ಎಂದು ತೋರಿಸಲು ಬೇಕು.

ಗೃಹಪ್ರವೇಶ ಆದ ಮೇಲೆ ವರ್ಷಕ್ಕೆ ಒಂದು ದಿನ ತಾರಸಿಗೆ ಕೊಡಿ. ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ, ಪೈಪಿನ ಬಾಯಿಯ ಎಲೆ ಕಸ ತೆಗೆದು, ಬಿಳಿ ಟೈಲ್ಸ್ ಉಜ್ಜಿ ತೊಳೆಯಿರಿ. ಸಂದಿಯಲ್ಲಿ ಅರಳಿ ಸಸಿ ಬಂದಿದ್ದರೆ ಬೇರು ಬಿಡುವ ಮೊದಲೇ ಕಿತ್ತುಹಾಕಿ.